ಮೊದಲು ಸ್ಪೀಕರು, ಆಮೇಲೆ ಆಂಪ್ಲಿಫೈಯರು

ಅಡಿಕೆಯೋ ಕಾಫಿಯೋ ಮಾರಿ ಕೈಗೆ ನಾಲ್ಕು ಕಾಸು ಬಂದ ದಿನಗಳಲ್ಲಿ ಮನೆಗೆ ಏನಾದರೊಂದು ತರಬೇಕೆಂಬ ಆಸೆ ಸಹಜವೇ. ಈಚೆಗೆ ನಮ್ಮ ಸದಸ್ಯರಲ್ಲಿ ಅನೇಕರ ಆಸೆ ಹಳೆಯ ಕಾಲದ ಸ್ಪೀಕರು ಪೆಟ್ಟಿಗೆಗಳ ಕಡೆ ತಿರುಗಿದೆ. ಮಲೆನಾಡಿನ ಕಾಫಿ ಬೆಳೆಗಾರರಾಗಲಿ, ಇಲ್ಲಿ ದೊಡ್ಡಮಳೂರಿನ ಸುತ್ತ ತೆಂಗಿನ ಸಾಲಿನ ನಡುವೆ ಅಡಿಕೆ ಹಾಕಿಕೊಂಡವರಾಗಲಿ, ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯನ್ನೋ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಬಜಾರನ್ನೋ ಒಮ್ಮೆ ಸುತ್ತಿ ಬರುತ್ತಾರೆ. ತಂದದ್ದು ಚೆನ್ನಾಗಿ ಹಾಡಿದರೆ ಸಂತೋಷ. ಆದರೆ ತಿಂಗಳೊಪ್ಪತ್ತಿನಲ್ಲಿ ಸುಟ್ಟು ಮೂಲೆ ಸೇರಿದ ಪೆಟ್ಟಿಗೆಗಳೂ ಕಡಿಮೆಯಿಲ್ಲ. ವರ್ಷಕ್ಕೊಮ್ಮೆ ಹಣ ಕಾಣುವ ಸಣ್ಣ ಬೆಳೆಗಾರನಿಗೆ ಇದು ಸಣ್ಣ ನಷ್ಟವಲ್ಲ. ಆದುದರಿಂದ ಈ ಬಗ್ಗೆ ನಾಲ್ಕು ಮಾತು ಬರೆಯುವುದು ಯುಕ್ತವೆನಿಸಿತು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಹೆಸರಿಗೂ ವ್ಯಾಟಿಗೂ ಹಣ ಕೊಡಬೇಡಿ, ಹೊಂದಿಕೆಗೆ ಕೊಡಿ. ಮೊದಲು ಸ್ಪೀಕರನ್ನು ಪರೀಕ್ಷಿಸಿ ಆರಿಸಿ, ಆಮೇಲೆ ಅದಕ್ಕೆ ತಕ್ಕ ಆಂಪ್ಲಿಫೈಯರನ್ನು ಹುಡುಕಿ. ಬಾವಿಯ ಆಳ, ನೀರಿನ ಇಳುವರಿ ನೋಡದೆ ಯಾರೂ ಪಂಪ್‌ಸೆಟ್ ಕೊಳ್ಳುವುದಿಲ್ಲ. ಆ ವಿವೇಕ ಇಲ್ಲಿಯೂ ಬೇಕು.

ಹೊಸ ಪೆಟ್ಟಿಗೆ ಗ್ಯಾರಂಟಿ ಸಮೇತ ಸಿಗುವಾಗ ಹಳೆಯದೇಕೆ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹತ್ತಿರದಲ್ಲಿ ರಿಪೇರಿಯವರೇ ಇಲ್ಲದಿದ್ದರೆ, ತಾವಾಗಿ ಕೈಹಾಕುವ ಆಸಕ್ತಿಯೂ ಇಲ್ಲದಿದ್ದರೆ, ಹೊಸದನ್ನೇ ಕೊಳ್ಳುವುದು ಮೇಲು. ಆದರೆ 1970 ಮತ್ತು 80ರ ದಶಕಗಳ ಫಿಲಿಪ್ಸ್, ಕಾಸ್ಮಿಕ್ ಸೆಟ್ಟುಗಳಾಗಲಿ, 1970ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ಸೋನೋಡೈನ್‌ನ ಪೆಟ್ಟಿಗೆಗಳಾಗಲಿ, ಬಿಚ್ಚಿ ಜೋಡಿಸಲು ಬರುವಂತಹವು. ಅಂಚು ಹೋದರೆ ಅಂಚು, ಕೆಪಾಸಿಟರ್ ಹೋದರೆ ಕೆಪಾಸಿಟರ್ ಬದಲಿಸಬಹುದು. ಇಂದಿನ ಅಗ್ಗದ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿ ಒಂದು ಭಾಗ ಕೆಟ್ಟರೆ ಸಾಮಾನ್ಯವಾಗಿ ಇಡೀ ಪೆಟ್ಟಿಗೆಯನ್ನೇ ಬಿಸಾಡಬೇಕಾಗುತ್ತದೆ. ಹಳೆಯ ಮಾಲಿನ ನಿಜವಾದ ಬೆಲೆ ಇರುವುದು ಇಲ್ಲಿ.

ಕೊಳ್ಳುವ ಮೊದಲು ಮಾಡಬೇಕಾದ ಪರೀಕ್ಷೆಗಳು ಕಷ್ಟದವಲ್ಲ. ಸ್ಪೀಕರಿನ ಮುಂದಿನ ಬಟ್ಟೆಯನ್ನು ತೆಗೆಸಿ ಕೋನಿನ ಸುತ್ತಲಿನ ಅಂಚನ್ನು ನೋಡಿ. ಸ್ಪಂಜಿನಂತಹ ಫೋಮ್ ಅಂಚು ಬಳಸಿದರೂ ಬಳಸದಿದ್ದರೂ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಪುಡಿಯಾಗುತ್ತದೆ. ಬಟ್ಟೆಯ ಅಥವಾ ರಬ್ಬರಿನ ಅಂಚು ಹೆಚ್ಚು ಬಾಳುತ್ತದೆ. ಅಂಚು ಹೋಗಿ ಕೋನು ಸರಿಯಾಗಿದ್ದರೆ ಹೊಸ ಅಂಚು ಅಂಟಿಸಬಹುದು. ಅದರ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ. ಮಳೆನಾಡಿನಿಂದ ಬಂದ ಪೆಟ್ಟಿಗೆಯಾದರೆ ಕಾಗದದ ಕೋನಿಗೆ ಬೂಷ್ಟು ಹಿಡಿದಿದೆಯೇ, ಕಬ್ಬಿಣಕ್ಕೆ ತುಕ್ಕು ಹತ್ತಿದೆಯೇ ನೋಡಿ. ಬಳಿಕ ಎರಡೂ ಕೈಬೆರಳುಗಳನ್ನು ಕೋನಿನ ಎರಡು ಕಡೆ ಸಮನಾಗಿ ಇಟ್ಟು ಮೆಲ್ಲನೆ ಒಳಕ್ಕೆ ಒತ್ತಿ. ಕರಕರ ಸದ್ದು ಬಂದರೆ ಒಳಗಿನ ಕಾಯಿಲ್ ಉಜ್ಜುತ್ತಿದೆ ಎಂದರ್ಥ. ಅಂತಹದನ್ನು ಬಿಟ್ಟುಬಿಡುವುದೇ ಲೇಸು.

ಮಲ್ಟಿಮೀಟರು ಒಂದಿದ್ದರೆ ಅರ್ಧ ಮೋಸ ಅಲ್ಲಿಯೇ ಬಯಲಾಗುತ್ತದೆ. ಬಿಡಿ ಸ್ಪೀಕರಿನ ತುದಿಗಳಿಗೆ ಹಿಡಿದಾಗ 8 ಓಮಿನದು ಸುಮಾರು 6ನ್ನೂ 4 ಓಮಿನದು 3ರಿಂದ 3.5ನ್ನೂ ತೋರಿಸಬೇಕು. ಏನನ್ನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ. ಜೊತೆಗೆ ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲನ್ನೂ ಒಯ್ಯಿರಿ. ಕ್ಷಣಮಾತ್ರ ಅದನ್ನು ಧನಕ್ಕೆ ಧನ, ಋಣಕ್ಕೆ ಋಣ ತಾಗಿಸಿದರೆ ಬಾಸ್ ಸ್ಪೀಕರಿನ ಕೋನು ಮುಂದಕ್ಕೆ ಜಿಗಿಯಬೇಕು. ಜೋಡಿಯ ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಹೋದರೆ ಒಂದರ ತಂತಿ ತಿರುವುಮುರುವಾಗಿದೆ. ಹಾಗೆಯೇ ಹಾಡಿಸಿದರೆ ಮೃದಂಗದ ತೊಪ್ಪಿಯ ನಾದ ಮಾಯವಾಗಿಬಿಡುತ್ತದೆ. ಸ್ಪೀಕರು ಕೆಟ್ಟಿದೆಯೆಂದು ಎಷ್ಟೋ ಜನ ಬೈಯುವುದು ಈ ಬಡ ತಂತಿಯ ತಪ್ಪಿಗೇ.

ಇನ್ನು ವ್ಯಾಟಿನ ಮಾತು. ಪೆಟ್ಟಿಗೆಯ ಮೇಲೆ ಸಾವಿರಗಟ್ಟಲೆ ‘ಪಿ.ಎಂ.ಪಿ.ಒ.’ ವ್ಯಾಟು ಬರೆದಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ, ‘ಆರ್.ಎಂ.ಎಸ್.’ ಎಷ್ಟೆಂದು ಕೇಳಿ. ಅದಕ್ಕಿಂತ ಮುಖ್ಯವಾದುದು ಸ್ಪೀಕರಿನ ಸಂವೇದನಾ ಶಕ್ತಿ, ಅಂದರೆ ಒಂದು ವ್ಯಾಟು ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆಂಬುದು. ಪ್ರತಿ 3 ಡೆಸಿಬೆಲ್ ಹೆಚ್ಚಿಸಲು ವ್ಯಾಟು ಇಮ್ಮಡಿಯಾಗಬೇಕು. ಆದ್ದರಿಂದ 92 ಡೆಸಿಬೆಲ್ಲಿನ ಸ್ಪೀಕರು 20 ವ್ಯಾಟಿನಲ್ಲಿ ಕೊಡುವ ಸದ್ದನ್ನು 86 ಡೆಸಿಬೆಲ್ಲಿನ ಸ್ಪೀಕರಿನಿಂದ ಪಡೆಯಲು 80 ವ್ಯಾಟು ಬೇಕಾಗುತ್ತದೆ. ಹಳೆಯ ದೊಡ್ಡ ಕಾಗದದ ಕೋನುಗಳಲ್ಲಿ ಅನೇಕವು ಈ ವಿಷಯದಲ್ಲಿ ಗಟ್ಟಿಗವು. ಅಂತಹ ಜೋಡಿ ಸಿಕ್ಕರೆ ಮನೆಯ ಹಜಾರಕ್ಕೆ 20 ವ್ಯಾಟಿನ ಸಾಧಾರಣ ಆಂಪ್ಲಿಫೈಯರು ಧಾರಾಳವಾಯಿತು. ಉಳಿದ ಹಣ ಗೊಬ್ಬರಕ್ಕಾದೀತು.

ಆಂಪ್ಲಿಫೈಯರನ್ನು ಜೋಡಿಸುವಾಗ ಮೊದಲ ನಿಯಮ ಓಮಿನದು. ಹಿಂಭಾಗದಲ್ಲಿ ‘8 ಓಮ್’ ಎಂದಿದ್ದರೆ ಅದಕ್ಕಿಂತ ಕಡಿಮೆಯ ಹೊರೆ ಹೇರಬಾರದು. ಒಂದೇ ಚಾನಲ್ಲಿಗೆ 8 ಓಮಿನ ಎರಡು ಸ್ಪೀಕರುಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು 4 ಓಮ್, ನಾಲ್ಕನ್ನು ಜೋಡಿಸಿದರೆ 2 ಓಮ್ ಆಗುತ್ತದೆ. ಓಮ್ ಇಳಿದಷ್ಟೂ ಆಂಪ್ಲಿಫೈಯರಿನಿಂದ ಕರೆಂಟು ಹೆಚ್ಚು ಹರಿದು ಟ್ರಾನ್ಸಿಸ್ಟರು ಸುಡುತ್ತದೆ. ವಾಲ್ವಿನ ಹಳೆಯ ಸೆಟ್ಟಾದರೆ ಕಥೆ ಬೇರೆ. ಅದನ್ನು ಸ್ಪೀಕರು ಜೋಡಿಸದೆ ಚಾಲೂ ಮಾಡಿ ಹಾಡಿಸಿದರೆ ಒಳಗಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಹೋದೀತು. ಅದರೊಳಗೆ ನೂರಾರು ವೋಲ್ಟು ಇರುತ್ತದೆ, ಸ್ವಿಚ್ಚು ಆರಿಸಿದ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ. ಬಲ್ಲವರಲ್ಲದೆ ಬೇರೆಯವರು ಮುಚ್ಚಳ ತೆಗೆಯಕೂಡದು.

ಟ್ರಾನ್ಸಿಸ್ಟರಿನ ಹಳೆಯ ಆಂಪ್ಲಿಫೈಯರಿಗೆ ನಿಮ್ಮ ಒಳ್ಳೆಯ ಸ್ಪೀಕರನ್ನು ನೇರವಾಗಿ ಸಿಕ್ಕಿಸಬೇಡಿ. ಮೊದಲು ಸ್ಪೀಕರಿಲ್ಲದೆ ಅದರ ಔಟ್‌ಪುಟ್ಟಿನಲ್ಲಿ ಡಿ.ಸಿ. ವೋಲ್ಟು ಅಳೆಯಿರಿ. ಅದು ಮಿಲಿವೋಲ್ಟುಗಳಲ್ಲೇ ಉಳಿಯಬೇಕು. ವೋಲ್ಟುಗಟ್ಟಲೆ ತೋರಿಸಿದರೆ ಕಾಯಿಲ್ಲನ್ನು ಸುಡುವುದು ಖಂಡಿತ. ಹಾಡಿಲ್ಲದಾಗಲೂ ಗುಂಯ್ ಎನ್ನುತ್ತಿದ್ದರೆ ಹೆಚ್ಚಾಗಿ ಫಿಲ್ಟರ್ ಕೆಪಾಸಿಟರುಗಳು ಒಣಗಿರುತ್ತವೆ, ಬದಲಿಸಿಕೊಳ್ಳಿ. ಸಣ್ಣ ಆಂಪ್ಲಿಫೈಯರು ಸ್ಪೀಕರನ್ನು ಸುಡಲಾರದು ಎಂಬ ನಂಬಿಕೆಯೂ ತಪ್ಪು. ಅದರ ಶಕ್ತಿ ಮೀರಿ ಕಿವಿ ಹಿಂಡಿದಾಗ ಸದ್ದು ಒಡೆಯುತ್ತದೆ, ಒಡೆದ ಸದ್ದು ಚಿಕ್ಕ ಟ್ವೀಟರನ್ನು ಮೊದಲು ತಿನ್ನುತ್ತದೆ. ಒಡಕು ಕೇಳಿದ ಕೂಡಲೇ ಸದ್ದು ತಗ್ಗಿಸುವುದೊಂದೇ ದಾರಿ.

ತಂತಿಯನ್ನು ಯಾರೂ ಲೆಕ್ಕಕ್ಕೆ ತರುವುದಿಲ್ಲ. ಜಗಲಿಯಿಂದ ಅಡಿಕೆಯ ಕಣದವರೆಗೆ 30 ಮೀಟರು ಎಳೆದರೆ ಹೋಗಿ ಬರಲು 60 ಮೀಟರು ತಾಮ್ರವಾಯಿತು. ಒಂದು ಚದರ ಮಿಲಿಮೀಟರಿನ ತಂತಿಯಾದರೆ ಅದೊಂದೇ ಸುಮಾರು 1 ಓಮ್. ಆ ತುದಿಯಲ್ಲಿ 4 ಓಮಿನ ಸ್ಪೀಕರಿದ್ದರೆ ಐದರಲ್ಲಿ ಒಂದು ಪಾಲು ಶಕ್ತಿ ತಂತಿಯಲ್ಲೇ ಬಿಸಿಯಾಗಿ ಹೋಗುತ್ತದೆ. ಇಂತಹ ದೂರಕ್ಕೆಂದೇ ಮದುವೆ, ಉತ್ಸವಗಳ ಅಹುಜಾ ಮಾದರಿಯ ಸೆಟ್ಟುಗಳಲ್ಲಿ 100 ವೋಲ್ಟಿನ ಲೈನು ಇರುವುದು. ಅಲ್ಲಿ ಓಮಿನ ಲೆಕ್ಕ ಬೇಡ, ಸ್ಪೀಕರುಗಳ ವ್ಯಾಟು ಕೂಡಿಸಿದರೆ ಸಾಕು. 100 ವ್ಯಾಟಿನ ಆಂಪ್ಲಿಫೈಯರಿಗೆ 15 ವ್ಯಾಟಿನ ಟ್ರಾನ್ಸ್‌ಫಾರ್ಮರುಳ್ಳ ಆರು ಸ್ಪೀಕರು ಸರಿ, ಏಳು ಜಾಸ್ತಿ. ಆದರೆ ಮನೆಯ 8 ಓಮಿನ ಸ್ಪೀಕರನ್ನು ಆ 100 ವೋಲ್ಟಿನ ತುದಿಗೆ ಎಂದೂ ಸಿಕ್ಕಿಸಬಾರದು. ಸಿಕ್ಕಿಸಿದರೆ ಕ್ಷಣದಲ್ಲಿ ಹೋಗುತ್ತದೆ.

ಚನ್ನಪಟ್ಟಣದ ಆಸುಪಾಸಿನಲ್ಲಿ ಮರಗೆಲಸ ಬಲ್ಲ ಕೈಗಳಿಗೆ ಕೊರತೆಯಿಲ್ಲ. ಹಳೆಯ ಪೆಟ್ಟಿಗೆಗೆ ಹೊಸ ಮೆರುಗು ಮಾಡಿಸುವುದು ಒಳ್ಳೆಯದೇ. ಆದರೆ ಅಂದಕ್ಕಾಗಿ ಸ್ಪೀಕರನ್ನು ಕಿತ್ತು ಬೇರೆ ಅಳತೆಯ ಪೆಟ್ಟಿಗೆಯಲ್ಲಿ ಕೂರಿಸುವುದು ಸಲ್ಲದು. ಒಳಗಿನ ಗಾಳಿಯ ಪ್ರಮಾಣವೂ ಸ್ಪೀಕರಿನ ಒಂದು ಭಾಗವೇ. ಹೊಸದಾಗಿ ಮಾಡಿಸಲೇಬೇಕಾದರೆ ಹಳೆಯದರ ಒಳ ಅಳತೆಯನ್ನೇ ಕೊಡಿ.

ಕೊನೆಯದಾಗಿ, ಇಷ್ಟೆಲ್ಲ ಮಾಡುವುದು ಏನನ್ನು ಕೇಳಲು ಎಂಬುದನ್ನೂ ಯೋಚಿಸಬೇಕು. ಅಪ್ರಮೇಯಸ್ವಾಮಿಯ ಗುಡಿಯಲ್ಲಿರುವ ಅಂಬೆಗಾಲು ಕೃಷ್ಣನನ್ನು ಕಂಡೇ ಪುರಂದರದಾಸರು ‘ಜಗದೋದ್ಧಾರನ’ ಹಾಡಿದರೆಂಬುದು ದೊಡ್ಡಮಳೂರಿನ ಪ್ರತೀತಿ. ದಾಸರ ಪದಕ್ಕಾಗಲಿ, 1978ರಲ್ಲಿ ಬಂದ ‘ನಿತ್ಯೋತ್ಸವ’ದ ಭಾವಗೀತೆಗಳಿಗಾಗಲಿ, ಆಕಾಶವಾಣಿಯ ಕೃಷಿ ಮಾತಿಗಾಗಲಿ ಬೇಕಾದುದು ಮನುಷ್ಯನ ಕಂಠ ಸ್ಪಷ್ಟವಾಗಿ ಕೇಳಿಸುವ ಪೆಟ್ಟಿಗೆ. ಎದೆ ಗುದ್ದುವ ಸದ್ದನ್ನು ಅಂಗಡಿಯಲ್ಲಿ ಮೆಚ್ಚಿ ತಂದವರು ಮನೆಯಲ್ಲಿ ತಿಂಗಳೊಳಗೆ ಬೇಸರಪಡುತ್ತಾರೆ. ಕೊಳ್ಳಲು ಹೋಗುವಾಗ ನಿಮಗೆ ಬಾಯಿಪಾಠವಾಗಿರುವ ಹಾಡೊಂದನ್ನು ಮೊಬೈಲಿನಲ್ಲಿ ಒಯ್ದು ಅದನ್ನೇ ಹಾಕಿಸಿ. ಮಾತು ಮಾತಾಗಿ ಕೇಳಿಸಿದರೆ ಬೆಲೆ ಮಾತಾಡಿ. ಊರ ಉತ್ಸವಕ್ಕೆ ಕಟ್ಟುವವರಿಗೂ ಒಂದು ಮಾತು: 2000ದ ಶಬ್ದಮಾಲಿನ್ಯ ನಿಯಮಗಳಂತೆ ಸಾಮಾನ್ಯವಾಗಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಪರೀಕ್ಷೆಗೆ ಓದುವ ಮಕ್ಕಳೂ ಹಾಸಿಗೆ ಹಿಡಿದ ಹಿರಿಯರೂ ನಮ್ಮ ಮನೆಗಳಲ್ಲೇ ಇದ್ದಾರೆ.

ಒಂದು ಸಲಹೆಯನ್ನು ಸದಸ್ಯರ ಮುಂದಿಡುತ್ತೇವೆ. ಸಂಘದ ಕಚೇರಿಯಲ್ಲಿ ಒಂದು ಮಲ್ಟಿಮೀಟರನ್ನು ಇಟ್ಟರೆ, ಪೇಟೆಗೆ ಹೋಗುವವರು ಪುಸ್ತಕದಲ್ಲಿ ಬರೆದು ಒಯ್ದು ಹಿಂದಿರುಗಿಸಬಹುದು. ಸ್ಪೀಕರಿಗಷ್ಟೇ ಅಲ್ಲ, ಪಂಪ್‌ಸೆಟ್ಟಿನ ಸ್ಟಾರ್ಟರಿಗೂ ಟ್ರಾಕ್ಟರಿನ ಬ್ಯಾಟರಿಗೂ ಅದು ಒದಗುತ್ತದೆ. ಬರುವ ಸಭೆಯಲ್ಲಿ ಸದಸ್ಯರು ಈ ಬಗ್ಗೆ ತಮ್ಮ ಅಭಿಪ್ರಾಯ ತಿಳಿಸಬೇಕಾಗಿ ಕೋರುತ್ತೇವೆ.