ಸಾಹೇಬರಿಗೆ ತಂಪು, ಗುಮಾಸ್ತನಿಗೆ ಬೆನ್ನುನೋವು

"ವಿದ್ಯುತ್ ಉಳಿಸಿರಿ" ಎಂಬ ಬೋರ್ಡನ್ನು ಕಛೇರಿಗಳ ಗೋಡೆಯ ಮೇಲೆ ನೀವೆಲ್ಲ ನೋಡಿದ್ದೀರಿ. ಬೋರ್ಡಿನ ಕೆಳಗೆ ಹಿಡಿ ಮುರಿದ ಸ್ಟೂಲಿನ ಮೇಲೆ ಜವಾನ ಕುಳಿತಿರುತ್ತಾನೆ. ಅವನ ತಲೆಯ ಮೇಲಿನ ಫ್ಯಾನು ತಿರುಗಿದರೆ ಅವನ ಪುಣ್ಯ. ಪಕ್ಕದ ಬಾಗಿಲನ್ನು ತುಸು ತಳ್ಳಿದರೆ ಒಳಗಿನಿಂದ ಮಾಘದ ಚಳಿ ಮುಖಕ್ಕೆ ಬಡಿಯುತ್ತದೆ. ಅಲ್ಲಿ ಸಾಹೇಬರು ಮೇ ತಿಂಗಳಿನಲ್ಲಿ ಕೋಟು ತೊಟ್ಟು ಕುಳಿತಿದ್ದಾರೆ. ಆ ಚಳಿಯನ್ನು ಮಾಡುವ ಯಂತ್ರದ ಬೆನ್ನು ಮೊಗಸಾಲೆಯ ಕಡೆಗೆ ಇದೆ. ಅದು ಉಗುಳುವ ಬಿಸಿ ಗಾಳಿಯೆಲ್ಲ ಅರ್ಜಿ ಹಿಡಿದು ನಿಂತ ಜನರ ಮೇಲೆ ಬೀಳುತ್ತದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದರೆ ಇದೇ.

ಕರೆಂಟಿನ ಬಿಲ್ಲು ಏರಿತೆಂದು ಮೇಲಿನಿಂದ ತಾಕೀತು ಬಂದ ದಿನ ಏನಾಗುತ್ತದೆ? ಗುಮಾಸ್ತರ ಹಾಲಿನಲ್ಲಿ ನಾಲ್ಕು ದೀಪಗಳ ಪೈಕಿ ಎರಡನ್ನು ಆರಿಸುತ್ತಾರೆ. ಊಟದ ಬಿಡುವಿನಲ್ಲಿ ಫ್ಯಾನು ಬಂದ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕಡಮೆ ಖರ್ಚು ಮಾಡುವವನ ಸೌಕರ್ಯವನ್ನು ಕಿತ್ತು ಹೆಚ್ಚು ಖರ್ಚು ಮಾಡುವವನ ಸೌಕರ್ಯವನ್ನು ಕಾಪಾಡುವುದಕ್ಕೆ ಇವರು ಮಿತವ್ಯಯ ಎಂದು ಹೆಸರಿಟ್ಟಿದ್ದಾರೆ!

ಲೆಕ್ಕ ಹಾಕೋಣ. ಹಳೆಯ ಮಾದರಿಯ ಸೀಲಿಂಗ್ ಫ್ಯಾನು ಸುಮಾರು 75 ವಾಟ್ ಕರೆಂಟು ತಿನ್ನುತ್ತದೆ. ಈಗ ಬಂದಿರುವ ಬಿ.ಎಲ್.ಡಿ.ಸಿ. ಮೋಟಾರಿನ ಫ್ಯಾನು ಅದೇ ಗಾಳಿಯನ್ನು ಸುಮಾರು 30 ವಾಟಿನಲ್ಲಿ ಕೊಡುತ್ತದೆ. ಒಂದೂವರೆ ಟನ್ನಿನ ಒಂದು ಏರ್ ಕಂಡೀಷನರು, ಅದರ ಕಂಪ್ರೆಸರ್ ಪೂರ್ಣವಾಗಿ ಓಡುತ್ತಿರುವಾಗ, ಹೆಚ್ಚುಕಡಮೆ 1500 ವಾಟ್ ಎಳೆಯುತ್ತದೆ. ಅಂದರೆ ಒಬ್ಬ ಸಾಹೇಬರ ಒಂದು ಕೋಣೆಯ ತಂಪಿಗೆ ಹೋಗುವ ಕರೆಂಟಿನಲ್ಲಿ 50 ಹೊಸ ಫ್ಯಾನುಗಳು ತಿರುಗಬಹುದು. ಐವತ್ತು ಫ್ಯಾನೆಂದರೆ ತಾಲ್ಲೂಕು ಕಛೇರಿಯ ಎಲ್ಲ ಗುಮಾಸ್ತರಿಗೂ ಆಗಿ, ಹೊರಗೆ ಕಾಯುವ ರೈತರಿಗೂ ಆಗಿ, ಇನ್ನೂ ಮಿಗುತ್ತದೆ. ಅಂಗಡಿಯವರು ತಮ್ಮ ಲೆಕ್ಕವನ್ನೂ ನೋಡಲಿ: ದಿನಕ್ಕೆ 10 ಗಂಟೆಯಂತೆ ವರ್ಷಕ್ಕೆ 300 ದಿನ ಓಡುವ ಫ್ಯಾನನ್ನು ಬದಲಾಯಿಸಿದರೆ ಉಳಿಯುವುದು 135 ಯೂನಿಟ್ಟು. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ 1080 ರೂಪಾಯಿ. ಎರಡು ಮೂರು ವರ್ಷಕ್ಕೆ ಫ್ಯಾನಿನ ಬೆಲೆ ಬಂತು.

ಏರ್ ಕಂಡೀಷನರೇ ಬೇಡವೆಂದು ನಾವು ಹೇಳುತ್ತಿಲ್ಲ. ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಕೋಣೆಗೆ ಬೇಕು, ಔಷಧದ ಉಗ್ರಾಣಕ್ಕೆ ಬೇಕು. ಬೇಸಗೆಯ ನಡುಹಗಲಿನಲ್ಲಿ ಮನುಷ್ಯನಿಗೂ ಬೇಕಾದೀತು. ಆದರೆ ಎಷ್ಟು? ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ ಇದಕ್ಕೆ ಉತ್ತರ ಕೊಟ್ಟಿದೆ. 2020ರ ಜನವರಿ 1ರಿಂದ ಮಾರಾಟಕ್ಕೆ ಬರುವ ಏರ್ ಕಂಡೀಷನರು ತಾನಾಗಿ 24 ಡಿಗ್ರಿಯಲ್ಲಿ ಶುರುವಾಗತಕ್ಕದ್ದೆಂದು ವಿಧಿಸಿದೆ. ಒಂದೊಂದು ಡಿಗ್ರಿ ಏರಿಸಿದರೂ ಸುಮಾರು ಶೇಕಡ 6ರಷ್ಟು ಕರೆಂಟು ಉಳಿಯುತ್ತದೆಂಬುದು ಅದೇ ಬ್ಯೂರೋದ ಲೆಕ್ಕ. ಯಂತ್ರವೇನೋ 24ರಲ್ಲಿ ಶುರುವಾಗುತ್ತದೆ, ಸಾಹೇಬರ ಬೆರಳು ಅದನ್ನು 18ಕ್ಕೆ ಇಳಿಸುತ್ತದೆ. ಆರು ಡಿಗ್ರಿಯ ಆ ದರ್ಪಕ್ಕೆ ಬಿಲ್ಲಿನ ಮೂರನೆಯ ಒಂದು ಪಾಲು ಆಹುತಿ.

ಈ ಚಳಿಯ ಲೆಕ್ಕ ಎಲ್ಲಿಂದ ಬಂತೆಂಬುದೂ ತಿಳಿದಿರಲಿ. ಇಂಥ ಕಛೇರಿಗಳಲ್ಲಿ ಎಷ್ಟು ತಂಪಿದ್ದರೆ ಹಿತವೆಂಬ ಸೂತ್ರವನ್ನು 1960ರ ದಶಕದಲ್ಲಿ ಪಶ್ಚಿಮದವರು ರೂಪಿಸಿದರು. ಅದಕ್ಕೆ ಆಧಾರವಾದವನು ಸುಮಾರು 40 ವರ್ಷದ, 70 ಕಿಲೋ ತೂಕದ ಗಂಡಸು. ಹೆಂಗಸರ ಮೈಯಲ್ಲಿ ಹುಟ್ಟುವ ಶಾಖ ಅದಕ್ಕಿಂತ ಕಡಮೆ, ಆದ್ದರಿಂದ ಆ ಅಳತೆ ಅವರಿಗೆ ಹೊಂದುವುದಿಲ್ಲವೆಂದು 2015ರಲ್ಲಿ ನೆದರ್‌ಲೆಂಡಿನ ಇಬ್ಬರು ವಿಜ್ಞಾನಿಗಳು ತೋರಿಸಿಕೊಟ್ಟರು. ಬ್ಯಾಂಕಿನ ಕೌಂಟರಿನ ಹಿಂದೆ ನಮ್ಮ ಹೆಣ್ಣುಮಕ್ಕಳು ಸೀರೆಯ ಮೇಲೆ ಶಾಲು ಹೊದ್ದು ಏಕೆ ಕುಳಿತಿರುತ್ತಾರೆಂಬುದು ಈಗ ತಿಳಿಯಿತೇ? ಜಪಾನಿನಲ್ಲಿ 2005ರಲ್ಲಿ ಸರ್ಕಾರವೇ ಮುಂದಾಗಿ ಬೇಸಗೆಯಲ್ಲಿ ಕಛೇರಿಗಳನ್ನು 28 ಡಿಗ್ರಿಯಲ್ಲಿಡಲು ಹೇಳಿತು. ಪ್ರಧಾನಿ ಕೊಯಿಜುಮಿಯವರು ತಾವೇ ಕೋಟು ಟೈ ಬಿಚ್ಚಿಟ್ಟು ಕೆಲಸಕ್ಕೆ ಬಂದರು. ನಮ್ಮವರಿಗೆ ಕೋಟು ಬಿಚ್ಚುವುದೆಂದರೆ ಅಧಿಕಾರವನ್ನೇ ಬಿಚ್ಚಿಟ್ಟಂತೆ.

ಕಟ್ಟಡಗಳ ಕಥೆ ಇನ್ನೊಂದು. ಬೆಂಗಳೂರಿನ ಅಠಾರ ಕಛೇರಿ 1868ರಲ್ಲಿ ಮುಗಿದದ್ದು. ಫ್ಯಾನೂ ಇಲ್ಲದ ಕಾಲದಲ್ಲಿ ಕಟ್ಟಿದವರು ಎತ್ತರದ ಚಾವಣಿ, ದಪ್ಪ ಗೋಡೆ, ಸುತ್ತ ಜಗಲಿ ಇಟ್ಟು ಬಿಸಿಲನ್ನು ಹೊರಗೇ ನಿಲ್ಲಿಸಿದರು. ತಿರುವನಂತಪುರದಲ್ಲಿ ಲಾರಿ ಬೇಕರ್ ಅವರು 1970ರ ದಶಕದಲ್ಲಿ ಅಭಿವೃದ್ಧಿ ಅಧ್ಯಯನ ಕೇಂದ್ರವನ್ನು ಕಟ್ಟುವಾಗ ಇಟ್ಟಿಗೆಗಳ ನಡುವೆ ಕಿಂಡಿ ಬಿಟ್ಟ ಜಾಲಂಧ್ರದ ಗೋಡೆಗಳನ್ನು ಎಬ್ಬಿಸಿ ಗಾಳಿಗೆ ದಾರಿ ಮಾಡಿಕೊಟ್ಟರು. ಈಗಿನವರು ಏನು ಮಾಡುತ್ತಾರೆ? ಸುಡುವ ಬಿಸಿಲಿನ ನಾಡಿನಲ್ಲಿ ನೆತ್ತಿಯಿಂದ ಪಾದದವರೆಗೆ ಗಾಜು ಹೊದಿಸುತ್ತಾರೆ. ಆ ಗಾಜಿಗೆ ತೆರೆಯುವ ಬಾಗಿಲಿಲ್ಲ. ಬಿಸಿಲು ಒಳಗೆ ಬಂದು ಸೆರೆಯಾಗುತ್ತದೆ. ಅದನ್ನು ಹೊರಗೆ ದಬ್ಬಲು ಯಂತ್ರ ಬೇಕು. ಕಣ್ಣು ಕೋರೈಸುತ್ತದೆಂದು ಪರದೆ ಎಳೆದು, ನಡುಹಗಲಿನಲ್ಲಿ ದೀಪ ಹಚ್ಚುತ್ತಾರೆ. ಕರೆಂಟು ಹೋದರೆ ಡೀಸಲ್ ಜನರೇಟರು. ತೆರಿಗೆ ಕೊಡುವ ಜನ ಇದರ ಬಿಲ್ಲನ್ನೂ ಕಟ್ಟುತ್ತಾರೆ, ಇದರ ಹೊಗೆಯನ್ನೂ ಕುಡಿಯುತ್ತಾರೆ.

ಇನ್ನು ಕುರ್ಚಿಯ ಮಾತು. ಎರ್ಗೊನಾಮಿಕ್ಸ್ ಎಂಬ ಪದ ಈಗ ಪೀಠೋಪಕರಣದ ಅಂಗಡಿಗಳಲ್ಲಿ ಇಪ್ಪತ್ತು ಸಾವಿರದ ಕುರ್ಚಿಗೆ ಅಂಟಿಸಿದ ಚೀಟಿಯಾಗಿದೆ. 1857ರಲ್ಲಿ ಪೋಲೆಂಡಿನ ಯಾಸ್ತ್ರಜೆಂಬೊವ್‌ಸ್ಕಿ ಎಂಬ ವಿದ್ವಾಂಸರು ಗ್ರೀಕಿನಿಂದ ಆ ಪದ ಕಟ್ಟಿದಾಗ ಅದಕ್ಕೆ ದುಡಿಮೆಯ ನಿಯಮ ಎಂಬ ಅರ್ಥವಿತ್ತು. ಎಂದರೆ ಕೆಲಸವನ್ನು ಮನುಷ್ಯನಿಗೆ ಹೊಂದಿಸು, ಮನುಷ್ಯನನ್ನು ಕೆಲಸಕ್ಕೆ ಬಗ್ಗಿಸಬೇಡ. ಆ ಕುರ್ಚಿ ಈಗ ಯಾರ ಕೋಣೆಗೆ ಹೋಗುತ್ತದೆ? ದಿನಕ್ಕೆ ಹತ್ತು ರುಜು ಹಾಕುವವರ ಕೋಣೆಗೆ. ದಿನವೆಲ್ಲ ಕಂಪ್ಯೂಟರಿನ ಗುಂಡಿ ಒತ್ತುವ ಗುಮಾಸ್ತೆಗೆ ಬೆತ್ತ ಹರಿದ ಹಳೆಯ ಕುರ್ಚಿ. ಪೆನ್ನಿನಲ್ಲಿ ಬರೆಯುವ ಕಾಲದ ಮೇಜಿನ ಮೇಲೆ ಕಂಪ್ಯೂಟರು ಕೂರಿಸಿದ್ದಾರೆ. ಆ ಎತ್ತರಕ್ಕೆ ಆಕೆಯ ಭುಜ ಕಿವಿಯ ಹತ್ತಿರ ಬರುತ್ತದೆ, ಪಾದ ನೆಲಕ್ಕೆ ಮುಟ್ಟುವುದಿಲ್ಲ. ಐದು ವರ್ಷದಲ್ಲಿ ಕುತ್ತಿಗೆ ಹಿಡಿಯುತ್ತದೆ. ಆಮೇಲೆ ಆಕೆಯ ರಜೆಯ ಅರ್ಜಿಯನ್ನು ಸೋಮಾರಿತನವೆಂದು ಬರೆಯುವವರೂ ಆ ಇಪ್ಪತ್ತು ಸಾವಿರದ ಕುರ್ಚಿಯವರೇ.

ಮಂಡಿಯ ಹಳೆಯ ಗುಮಾಸ್ತರು ಗಾದಿಯ ಮೇಲೆ ಕುಳಿತು ಇಳಿಜಾರಿನ ಡೆಸ್ಕಿನ ಮೇಲೆ ಕೀರ್ದಿ ಬರೆಯುತ್ತಿದ್ದರು. ಕುತ್ತಿಗೆ ಬಗ್ಗದಿರಲೆಂದೇ ಆ ಇಳಿಜಾರು. ಈಗಲೂ ವಿದ್ಯೆ ದೊಡ್ಡದಲ್ಲ. ಪಾದ ಪೂರಾ ಊರಬೇಕು, ಊರದಿದ್ದರೆ ಕೆಳಗೊಂದು ಹಲಗೆ. ಮೊಣಕೈ ಗುಂಡಿಯ ಹಲಗೆಯ ಮಟ್ಟಕ್ಕೆ ಇರಬೇಕು. ಪರದೆಯ ಮೇಲಂಚು ಕಣ್ಣಿನ ನೇರಕ್ಕೆ ಬರಬೇಕು. ಹಳೆಯ ರಿಜಿಸ್ಟರು ನಾಲ್ಕು ಅಡಿಗಿಟ್ಟರಾಯಿತು. ಕಿಟಕಿ ಎದುರಿಗೂ ಬೇಡ, ಬೆನ್ನಿಗೂ ಬೇಡ, ಪಕ್ಕಕ್ಕಿರಲಿ. ಗಂಟೆಗೊಮ್ಮೆ ಎದ್ದು ಓಡಾಡಲು ಬಿಡಬೇಕು. ಈ ಕೊನೆಯದಕ್ಕೆ ಕಾಸೂ ಬೇಡ. ಅದಕ್ಕೇ ಅದನ್ನು ಕೊಡುವುದು ಮಾಲೀಕರಿಗೆ ಎಲ್ಲಕ್ಕಿಂತ ಕಷ್ಟ.

ಗಿರಣಿಯ ಬಂಧುಗಳು ಕೇಳಬಹುದು, ಕಛೇರಿಯ ಕುರ್ಚಿ ನಮಗೇನು ಎಂದು. ನಿಮ್ಮ ಗಿರಣಿಯ ಮಾಲೀಕನ ಆಫೀಸಿಗೂ ಲೂಮ್ ಶೆಡ್ಡಿಗೂ ನಡುವೆ ಇರುವುದು ಒಂದೇ ಗೋಡೆ. ಗಾಳಿ ಒಣಗಿದರೆ ನೂಲು ಕಡಿಯುತ್ತದೆಂದು ಶೆಡ್ಡಿನ ಕಿಟಕಿ ಮುಚ್ಚಿ ತೇವ ಹಾಯಿಸುತ್ತಾರೆ. ಆ ತೇವದಲ್ಲಿ ನಿಮ್ಮ ಬೆವರು ಆರುವುದಿಲ್ಲ. ನೂಲಿಗೆ ಯಾವ ಹವೆ ಹಿತವೆಂದು ಅಳೆಯಲು ಶೆಡ್ಡಿನಲ್ಲಿ ಉಪಕರಣ ತೂಗುಹಾಕಿದೆ. ನೂಲುವವನಿಗೆ ಯಾವುದು ಹಿತವೆಂದು ಅಳೆಯುವವರಿಲ್ಲ. ರಿಂಗ್ ಫ್ರೇಮಿನ ಮುಂದೆ ಪಾಳಿಯೆಲ್ಲ ನಿಂತು, ನಡೆದು, ಬಾಬಿನ್ನಿಗೆ ಬಗ್ಗಿ ಕಾಲಿನ ನರ ಉಬ್ಬಿದವರು ನಿಮ್ಮಲ್ಲಿ ಎಷ್ಟು ಜನ? ನಿಂತು ದುಡಿಯುವವರಿಗೆ ಬಿಡುವಾದಾಗ ಕೂರಲು ಏರ್ಪಾಡು ಇರತಕ್ಕದ್ದೆಂದು 1948ರ ಕಾರ್ಖಾನೆ ಕಾಯ್ದೆಯ 44ನೆಯ ಕಲಮು ಹೇಳಿತ್ತು. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಂಹಿತೆ, ಯಂತ್ರಶಕ್ತಿಯಿಂದ ನಡೆಯುವ ಕಡೆ 10 ಜನರಿದ್ದರೆ ಕಾರ್ಖಾನೆ ಎಂದಿದ್ದನ್ನು 20ಕ್ಕೆ ಏರಿಸಿತು. ಕೂರುವ ಏರ್ಪಾಡಿನ ಮಾತನ್ನು ಮಾತ್ರ ಅದೂ ಉಳಿಸಿಕೊಂಡಿದೆ. ಮುಕ್ಕಾಲು ಶತಮಾನ ಕಾಯ್ದೆಯಲ್ಲಿದ್ದ ಸ್ಟೂಲು ಶೆಡ್ಡಿಗೆ ಬಂದಿದೆಯೇ ಎಂಬುದನ್ನು ಯೂನಿಯನ್ನಿನವರು ನಾಳೆಯೇ ಹೋಗಿ ಎಣಿಸಲಿ.

ಸಣ್ಣ ವ್ಯಾಪಾರಿಗಳಿಗೂ ಒಂದು ಮಾತು, ನಮ್ಮವರೆಂದೇ ಹೇಳುತ್ತೇವೆ. ಗಲ್ಲಾದ ಹಿಂದೆ ನಿಮಗೆ ಲೋಡೂ ಉಂಟು, ಫ್ಯಾನೂ ಉಂಟು. ಸೀರೆ ಬಿಚ್ಚಿ ತೋರಿಸುವ ಹುಡುಗಿ ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಇರುತ್ತಾಳೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಗೋಡೆಗೆ ಒರಗಿದರೂ ಕಣ್ಣು ಬಿಡುವವರಿದ್ದಾರೆ. ಕೋಳಿಕ್ಕೋಡಿನ ಮಿಠಾಯಿ ಬೀದಿಯಲ್ಲಿ ಇಂಥ ಹೆಣ್ಣುಮಕ್ಕಳನ್ನು ಸೇರಿಸಿ ದರ್ಜಿ ಕೆಲಸದ ವಿಜಿಯವರು ಪೆಣ್‌ಕೂಟ್ಟ್ ಎಂಬ ಸಂಘ ಕಟ್ಟಿದರು. ಮೊದಲು ಕೇಳಿದ್ದು ಶೌಚಾಲಯ, ಆಮೇಲೆ ಕೂರುವ ಹಕ್ಕು. ಹೋರಾಟದ ಫಲವಾಗಿ 2018ರಲ್ಲಿ ಕೇರಳವೂ, 2021ರಲ್ಲಿ ತಮಿಳುನಾಡೂ ತಮ್ಮ ಅಂಗಡಿ ಕಾಯ್ದೆಗಳಲ್ಲಿ ಅದನ್ನು ಬರೆದವು. 1961ರ ನಮ್ಮ ಅಂಗಡಿ ಕಾಯ್ದೆಯಲ್ಲೂ ಅದು ಅಷ್ಟೇ ಬಿಚ್ಚುಮಾತಿನಲ್ಲಿ ಇರಬೇಕೆಂದು ನಮ್ಮ ಶಾಸಕರು ಸದನದಲ್ಲಿ ಕೇಳಲಿ. ನೀವು ಕಾಯ್ದೆಗಾಗಿ ಏಕೆ ಕಾಯುತ್ತೀರಿ? ಆಕೆಗೊಂದು ಸ್ಟೂಲು ಹಾಕಿಸಿ. ತಗಡಿನ ಚಾವಣಿಯ ಅಂಗಡಿಯಾದರೆ ಮೇಲೆ ಬಿಳಿಯ ಸುಣ್ಣ ಬಳಿಸಿ. ಬಿಸಿಲನ್ನು ಅದು ಹಿಂದಕ್ಕೆ ಎಸೆಯುತ್ತದೆ. ತೆಲಂಗಾಣ ಸರ್ಕಾರ 2023ರಲ್ಲಿ ಇಂಥ ತಂಪು ಚಾವಣಿಗೆಂದೇ ನೀತಿ ಮಾಡಿದೆ. ಇವೆರಡೂ ಸೇರಿದರೂ ಖರ್ಚು ದೀಪಾವಳಿಯ ಬೋರ್ಡು ದೀಪದಷ್ಟಾಗದು.

ಜಿಲ್ಲಾಡಳಿತಕ್ಕೆ ನಮ್ಮ ಬೇಡಿಕೆ ಇಷ್ಟು. ಪ್ರತಿ ಕಛೇರಿಯೂ ತನ್ನ ತಿಂಗಳ ಕರೆಂಟಿನ ಬಿಲ್ಲನ್ನು, ಕೋಣೆವಾರು ಏರ್ ಕಂಡೀಷನರುಗಳ ಪಟ್ಟಿಯ ಸಮೇತ, ಹೊರಗಿನ ಬೋರ್ಡಿಗೆ ಅಂಟಿಸಲಿ. 24 ಡಿಗ್ರಿಗಿಂತ ಕೆಳಗೆ ಇಳಿಸಿದ ಕೋಣೆಯ ಹೆಚ್ಚುವರಿ ಬಿಲ್ಲು ಆ ಕೋಣೆಯವರ ಸಂಬಳದಿಂದ ಹೋಗಲಿ. ಹೊಸ ಕುರ್ಚಿ ಕೊಳ್ಳುವಾಗ ಹೆಚ್ಚು ಹೊತ್ತು ಕೂರುವವರಿಂದ ಶುರುವಾಗಲಿ, ದೊಡ್ಡ ಹುದ್ದೆಯಿಂದ ಅಲ್ಲ. ಮೊಗಸಾಲೆಗೆ ಫ್ಯಾನು, ಬೆಂಚು, ಕುಡಿಯುವ ನೀರು ಬಂದ ಮೇಲೆ ಸಾಹೇಬರ ಕೋಣೆಯ ಪರದೆ ಬದಲಾಗಲಿ. ಇದಕ್ಕೆ ಹಣವಿಲ್ಲವೆಂದು ಉತ್ತರ ಬಂದೀತು. ಬರಲಿ, ಆ ಬಿಲ್ಲುಗಳನ್ನೇ ಮೊದಲು ಹೊರಗಿಡಿ, ಎಷ್ಟು ಹಣವಿದೆ ಎಂಬುದನ್ನು ಜನರೇ ಕೂಡಿ ಕಳೆದು ಹೇಳುತ್ತಾರೆ.