ವಸತಿ ಶಾಲೆಗೆ ಬೇಕಾದ ಜಂಗಮ

ಶರಣರು ಸ್ಥಾವರ ಮತ್ತು ಜಂಗಮ ಎಂಬ ಎರಡು ಮಾತುಗಳಲ್ಲಿ ಬದುಕಿನ ದೊಡ್ಡದೊಂದು ವಿವೇಕವನ್ನು ಅಡಗಿಸಿಟ್ಟಿದ್ದಾರೆ. ಕಲ್ಲು ಗಾರೆಗಳಿಂದ ಎದ್ದು ನಿಂತದ್ದು ಸ್ಥಾವರ. ನಡೆಯುವ, ನುಡಿಯುವ, ಉಣ್ಣುವ, ಉಣಿಸುವ ಚೈತನ್ಯವೇ ಜಂಗಮ. ಈ ವಿವೇಕವನ್ನು ದೇಗುಲಕ್ಕೆ ಅನ್ವಯಿಸಿ ಅರಿಯುವುದು ವಾಡಿಕೆ. ಮಕ್ಕಳು ಮನೆ ಬಿಟ್ಟು ಬಂದು ಓದುವ ವಿದ್ಯಾರ್ಥಿನಿಲಯಕ್ಕೂ ಅದು ಅಷ್ಟೇ ಸಲ್ಲುತ್ತದೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಹಳ್ಳಿಗಳಿಂದ ಪ್ರತಿ ವರ್ಷವೂ ಬೇಸಿಗೆಯ ರಜೆ ಮುಗಿಯುತ್ತಲೇ ಮಕ್ಕಳು ಟ್ರಂಕು, ತಟ್ಟೆ, ಲೋಟ, ಹೊದಿಕೆಗಳೊಡನೆ ವಸತಿ ಶಾಲೆಗಳಿಗೆ ಹೊರಡುತ್ತಾರೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಯಾಗಲಿ, ನವೋದಯ ವಿದ್ಯಾಲಯವಾಗಲಿ, ಪ್ರವೇಶ ಪರೀಕ್ಷೆಯಲ್ಲಿ ಗೆದ್ದ ಮಗುವನ್ನು ಆರನೆಯ ತರಗತಿಗೆ ಬರಮಾಡಿಕೊಳ್ಳುತ್ತವೆ. ಆಗ ಆ ಮಗುವಿಗೆ ಹನ್ನೊಂದೋ ಹನ್ನೆರಡೋ ವರ್ಷ. ತಾಯಿ ಮುದ್ದೆಯ ಮೇಲೆ ಸಾರು ಬಡಿಸುವ ಹೊತ್ತಿನಲ್ಲಿ ಅದು ಅಪರಿಚಿತರ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿರುತ್ತದೆ.

ಈ ಸೀಮೆಯಲ್ಲಿ ವಸತಿ ಶಾಲೆಯ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಶಿಡ್ಲಘಟ್ಟದ ಕಡೆಯ ರೇಷ್ಮೆ ಸಾಕುವ ಮನೆಗಳನ್ನೇ ನೋಡಬಹುದು. ಹುಳು ನಾಲ್ಕನೆಯ ಜ್ವರ ಎದ್ದ ಮೇಲೆ ಹಗಲಿರುಳೆನ್ನದೆ ಸೊಪ್ಪು ಬೇಡುತ್ತದೆ. ಹಣ್ಣಾದ ಹುಳುವನ್ನು ಆಯ್ದು ಚಂದ್ರಿಕೆಗೆ ಬಿಡುವ ದಿನ ಮನೆಯ ಎಲ್ಲರ ಕೈಯೂ ಬೇಕು, ಮಗುವಿನ ಕೈಯೂ ಬೇಕು. ಅಂಥ ಮನೆಯಲ್ಲಿ ಪುಸ್ತಕ ಬಿಚ್ಚುವ ಸಂಜೆ ಸುಲಭವಾಗಿ ದೊರೆಯದು. ಇದರೊಡನೆ ನುಡಿಯ ಪ್ರಶ್ನೆಯೂ ಇದೆ. ಗಡಿಗೆ ಹತ್ತಿರದ ಎಷ್ಟೋ ಮನೆಗಳ ಮಾತು ತೆಲುಗು, ಶಾಲೆಯ ಮಾತು ಕನ್ನಡ. ವಿದ್ಯಾರ್ಥಿನಿಲಯದಲ್ಲಿ ಗೆಳೆಯರೊಡನೆ ಆಡುತ್ತ, ಜಗಳವಾಡುತ್ತ ಮಗು ಕಲಿಯುವಷ್ಟು ಬೇಗ ಪಾಠದ ಪುಸ್ತಕದಿಂದ ಕನ್ನಡ ಕಲಿಯದು. ಆದರೆ ಅದರ ಮನೆಮಾತನ್ನು ಯಾರೂ ಹೀಗಳೆಯಬಾರದು. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರು ಎರಡು ನುಡಿಗಳಲ್ಲಿಯೂ ಹಾಡಿದ ನೆಲವಿದು.

ಊರು ಬಿಟ್ಟು ಓದುವ ಕಷ್ಟ ಈ ನೆಲಕ್ಕೆ ಹೊಸದಲ್ಲ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಶಾಲೆ ಮುಗಿಸಿ ಬೆಂಗಳೂರಿಗೆ ಹೋದಾಗ ತಂದೆಯ ಆಸರೆಯಿರಲಿಲ್ಲ. ಮನೆಪಾಠ ಹೇಳಿ ಓದಿನ ಖರ್ಚು ನೀಗಿಸಿಕೊಂಡು 1881ರಲ್ಲಿ ಬಿ.ಎ. ಪದವಿ ಪಡೆದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು 1935ರಲ್ಲಿ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲು ಸೇರಲು ಕಾಲ್ನಡಿಗೆಯಲ್ಲಿಯೇ ಹೊರಟರು. ಬಡವರ ಮನೆಯ ಆ ಹುಡುಗ ನಡೆದದ್ದು ಸುಮಾರು 80 ಕಿಲೋಮೀಟರು.

ಆ ನಡಿಗೆಯ ಕಥೆಯನ್ನು ಅನೇಕರು ಬಲ್ಲರು. ಅದಕ್ಕಿಂತ ಹೆಚ್ಚು ಮನನ ಮಾಡಬೇಕಾದದ್ದು ಅವರ ಮುಂದಿನ ಬದುಕು. 1942ರ ಚಳವಳಿಯಲ್ಲಿ ಅವರು ಸೆರೆವಾಸ ಕಂಡರು. ಭೌತವಿಜ್ಞಾನದ ಅಧ್ಯಾಪಕರಾದರು, ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ 1960ರಲ್ಲಿ ಡಾಕ್ಟರೇಟ್ ಪಡೆದರು, ಪ್ರಾಂಶುಪಾಲರಾದರು, 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಪದವಿಗಳು ಒಂದರ ಮೇಲೊಂದು ಬಂದರೂ ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಸಣ್ಣ ಕೋಣೆಯೇ ಅವರ ಮನೆಯಾಗಿತ್ತು. ತಾವು ಬಂದ ಸೀಮೆಯನ್ನೂ ಮರೆಯದೆ ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಕಾಲೇಜುಗಳು ತಲೆಯೆತ್ತಲು ದುಡಿದರು. 2005ರ ಜನವರಿ 31ರಂದು ಅವರು ಕಣ್ಮುಚ್ಚಿದರು.

ನರಸಿಂಹಯ್ಯನವರು ಕಟ್ಟಾ ವೈಚಾರಿಕರು. ಪವಾಡಗಳನ್ನು ಪ್ರಶ್ನಿಸಿದವರು. ಪೂಜೆ ಪುರಸ್ಕಾರಗಳ ವಿಷಯದಲ್ಲಿ ಅವರ ದಾರಿ ಬೇರೆಯೇ ಆಗಿತ್ತು. ಆದರೂ ಕಾಯಕವೆಂಬುದನ್ನು ಹೆಸರಿನಿಂದಲ್ಲದೆ ನಡೆಯಿಂದ ಗುರುತಿಸುವ ಸದ್ಭಕ್ತರಿಗೆ ಆ ಸಣ್ಣ ಕೋಣೆಯಲ್ಲಿ ಶರಣತತ್ತ್ವವೇ ಕಂಡೀತು. ವಿದ್ಯಾರ್ಥಿಗಳ ನಡುವೆಯೇ ಬಾಳಿದ ಗುರು ಆ ನಿಲಯದ ಜಂಗಮ.

ಇದೇ ತತ್ತ್ವವನ್ನು ತುಮಕೂರಿನ ಸಿದ್ಧಗಂಗೆಯಲ್ಲಿ ಭಕ್ತಲೋಕ ಕಣ್ಣಾರೆ ಕಂಡಿದೆ. ಅಲ್ಲಿ ಜಾತಿಮತಗಳ ಭೇದವಿಲ್ಲದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳ ದಾಸೋಹ ನಡೆಯುತ್ತಿದೆ. ಪರಮಪೂಜ್ಯ ಶ್ರೀ ಶಿವಕುಮಾರ ಸ್ವಾಮಿಗಳು ಆ ಮಕ್ಕಳ ಜೊತೆಯಲ್ಲಿಯೇ ಶತಮಾನವನ್ನು ಮೀರಿ ಬಾಳಿದರು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದಾಗ, ಮಕ್ಕಳ ಪ್ರಸಾದ ಮುಗಿದ ಬಳಿಕವೇ ಸುದ್ದಿಯನ್ನು ಪ್ರಕಟಿಸಬೇಕೆಂಬುದು ಅವರ ಇಚ್ಛೆಯಾಗಿತ್ತೆಂದು ನಾಡು ಕೇಳಿತು. ಮಗುವಿನ ತಟ್ಟೆ ತಮ್ಮ ಮರಣಕ್ಕಿಂತ ಮೊದಲು ಎಂದು ಭಾವಿಸಿದ ಆ ಹಿರಿತನವನ್ನು ಯಾವ ಕಟ್ಟಡವೂ ಕೊಡಲಾರದು.

ಇಂದು ಮಗುವನ್ನು ವಸತಿ ಶಾಲೆಗೆ ಸೇರಿಸಲು ಹೊರಟ ತಂದೆತಾಯಿಗಳು ಮೊದಲು ಕೇಳುವುದು ಫಲಿತಾಂಶವನ್ನು. ಎಷ್ಟು ಜನ ತೇರ್ಗಡೆಯಾದರು, ಎಷ್ಟು ಜನ ಉನ್ನತ ಶ್ರೇಣಿ ಪಡೆದರು ಎಂಬುದು ಮುಖ್ಯವೇ. ಆದರೆ ರಾತ್ರಿ ಒಂಬತ್ತರ ಬಳಿಕ ಅಲ್ಲಿ ಯಾವ ಹಿರಿಯರು ಇರುತ್ತಾರೆ? ಮಗುವಿಗೆ ನಡುರಾತ್ರಿ ಜ್ವರ ಬಂದರೆ ಅದು ಯಾರ ಬಾಗಿಲು ತಟ್ಟಬೇಕು? ಮಕ್ಕಳುಂಡ ಸಾರನ್ನೇ ನಿಲಯಪಾಲಕರೂ ಅದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆಯೇ? ದೊಡ್ಡ ಹುಡುಗರು ಚಿಕ್ಕವರನ್ನು ಕಾಡಿದರೆ ಅಂಜದೆ ಹೇಳಿಕೊಳ್ಳಲು ಯಾರಿದ್ದಾರೆ? ಈ ಪ್ರಶ್ನೆಗಳಿಗೆ ಸಮಾಧಾನಕರವಾದ ಉತ್ತರವಿಲ್ಲದ ಶಾಲೆ, ಅಂಕಗಳಲ್ಲಿ ಎಷ್ಟೇ ಮುಂದಿದ್ದರೂ, ಮಗುವಿನ ಪಾಲಿಗೆ ಬರಿಯ ಛತ್ರ.

ಶಿಕ್ಷಕರಿಗೂ ಸಂಸಾರವಿದೆ, ಎಲ್ಲರೂ ನರಸಿಂಹಯ್ಯನವರಂತೆ, ಸ್ವಾಮಿಗಳಂತೆ ಬಾಳಲಾರರು ಎಂಬ ಮಾತು ಸತ್ಯವಾದುದು. ಗುತ್ತಿಗೆಯ ಅಲ್ಪ ವೇತನಕ್ಕೆ ದುಡಿಯುವವರಿಂದ ಹಗಲಿರುಳಿನ ತ್ಯಾಗವನ್ನು ನಿರೀಕ್ಷಿಸುವುದು ಧರ್ಮವೂ ಅಲ್ಲ. ಆದುದರಿಂದಲೇ ಹೊಸ ಕಟ್ಟಡಕ್ಕೆ ಹಣ ಕೂಡಿಸುವವರು, ದಾನ ನೀಡುವ ಭಕ್ತರು, ಆಳುವವರು ಎಲ್ಲರೂ ಆವರಣದೊಳಗೆ ಶಿಕ್ಷಕರು ಸಂಸಾರದೊಡನೆ ವಾಸಿಸಲು ತಕ್ಕ ಮನೆಯನ್ನು ಮೊದಲು ಕಟ್ಟಿಸಬೇಕು, ತಕ್ಕ ವೇತನವನ್ನು ಕೊಡಬೇಕು. ಇನ್ನೊಂದು ಮಹಡಿಯನ್ನು ಆಮೇಲೆ ಏರಿಸಬಹುದು. ಮಕ್ಕಳಿಗೂ ಕಾಯಕದ ಪಾಲಿರಲಿ: ಅಂಗಳ ಗುಡಿಸುವುದು, ಪಂಕ್ತಿಯಲ್ಲಿ ಬಡಿಸುವುದು, ಕಿರಿಯರಿಗೆ ಪಾಠ ಹೇಳುವುದು. ಅದು ಹಿರಿಯರೂ ಕೈಜೋಡಿಸಿದಾಗ ಮಾತ್ರ ಕಾಯಕ. ಮಕ್ಕಳನ್ನಷ್ಟೇ ದುಡಿಸಿದರೆ ಅದಕ್ಕೆ ಜೀತವೆಂದು ಹೆಸರು.

ಕಲ್ಯಾಣದ ಅನುಭವ ಮಂಟಪದ ಹಿರಿಮೆ ಅದರ ಗೋಡೆಗಳಿಂದ ಬಂದದ್ದಲ್ಲ. ನಾನಾ ಕಾಯಕದವರು ಹೆಚ್ಚು ಕಡಿಮೆಯೆಂಬ ಭೇದವಳಿದು ಒಂದೆಡೆ ಕೂಡಿದುದರಿಂದ ಬಂದದ್ದು. ಹೊಸೂರಿನಿಂದ ನಡೆದು ಹೊರಟ ಹುಡುಗನಂಥವರು ಈ ತಾಲ್ಲೂಕುಗಳಲ್ಲಿ ಇಂದಿಗೂ ಇದ್ದಾರೆ. ಅವರಿಗೆ ಸೂರು ದೊರೆತಿದೆ. ಆ ಸೂರಿನಡಿ ಅವರೊಡನೆ ಉಂಡು, ಅವರೊಡನೆ ಎಚ್ಚರವಿರುವ ಒಬ್ಬ ಹಿರಿಯರೂ ದೊರೆಯಲಿ.