ಮಕ್ಕಳ ಗಣಕವಿದ್ಯೆಯೂ ಚಿತ್ರ ಬರೆಯುವ ಆಮೆಯೂ

ಗಣಕಯಂತ್ರಕ್ಕೆ ಆಜ್ಞೆಗಳನ್ನು ಬರೆಯುವ ವಿದ್ಯೆಯನ್ನು ಮಕ್ಕಳಿಗೆ ಚಿತ್ರದ ಮೂಲಕ ಕಲಿಸಬೇಕೆಂಬ ವಿಚಾರವು ಹೊಸತಲ್ಲ. 1967ರಲ್ಲಿ ಅಮೆರಿಕೆಯಲ್ಲಿ ಫ್ಯೂರ್‌ಜೈಗ್, ಪೇಪರ್ಟ್, ಸಿಂಥಿಯಾ ಸಾಲೊಮನ್ ಮೊದಲಾದವರು ಲೋಗೋ ಎಂಬ ಭಾಷೆಯನ್ನು ನಿರ್ಮಿಸಿದರು. ಕೆಲವೇ ವರ್ಷಗಳಲ್ಲಿ ಅದಕ್ಕೊಂದು ಆಮೆಯೂ ಬಂದು ಸೇರಿತು. ‘ಮುಂದೆ ನಡೆ, ಬಲಕ್ಕೆ ತಿರುಗು’ ಎಂದರೆ ಆಮೆಯು ನಡೆದ ದಾರಿಯೇ ಗೆರೆಯಾಗುವುದು. ಈಗ ಪೈಥಾನ್ ಭಾಷೆಯೊಡನೆ ದೊರೆಯುವ ‘ಟರ್ಟಲ್’ ಎಂಬ ಆಜ್ಞಾಸಂಗ್ರಹವು ಅದರ ಸಂತತಿಯೇ ಸರಿ. ಬೈತಖೋಲದ ಮಕ್ಕಳಿಗೆ ಇದನ್ನು ಬಹಳ ವಿವರಿಸಬೇಕಾಗಿಲ್ಲ. ಮೊಟ್ಟೆಯಿಡಲು ದಂಡೆಗೆ ಬರುವ ಕಡಲಾಮೆಯು ಮರಳಿನಲ್ಲಿ ಬಿಡುವ ಜಾಡಿನ ಮಾತನ್ನು ಎತ್ತಿದರೆ ಸಾಕು.

ಇನ್ನೂರು ಹೆಜ್ಜೆ ನಡೆದು 144 ಅಂಶ ಬಲಕ್ಕೆ ತಿರುಗುವುದನ್ನು ಐದು ಸಲ ಮಾಡಿದರೆ ನಕ್ಷತ್ರವು ಮೂಡುವುದು. ಐದು ತಿರುವುಗಳು ಸೇರಿ 720 ಅಂಶ, ಎಂದರೆ ಆಮೆಯು ಎರಡು ಪೂರ್ಣ ಸುತ್ತು ತಿರುಗಿರುವುದೆಂದು ಹುಡುಗರು ತಾವೇ ಕಂಡುಕೊಳ್ಳುವರು.

ಆದರೆ ಎಡವುವ ಸ್ಥಳಗಳೂ ಉಂಟು. ನೆರೆಮನೆಯ ಬಾಲಿಕೆಯೊಬ್ಬಳು ನಕ್ಷತ್ರವನ್ನು ಬರೆಯಿಸಿದ ಕ್ಷಣದಲ್ಲಿಯೇ ಕಿಟಕಿಯು ಮುಚ್ಚಿಕೊಂಡಿತು. ‘ಮಾಸ್ತರರೇ, ಆಮೆ ಎಲ್ಲಿ ಹೋಯಿತು?’ ಎಂದಳು. ಕೊನೆಯಲ್ಲಿ ‘ಡನ್’ ಎಂಬ ಆಜ್ಞೆಯನ್ನು ಬರೆಯದಿದ್ದರೆ ಹೀಗಾಗುವುದುಂಟು. ಮರುದಿನ ಆಕೆ ತನ್ನ ಕಡತಕ್ಕೆ ‘ಟರ್ಟಲ್’ ಎಂದೇ ಹೆಸರಿಟ್ಟಳು. ಯಂತ್ರವು ಮೂಲಸಂಗ್ರಹವನ್ನು ಬಿಟ್ಟು ಆಕೆಯ ಕಡತವನ್ನೇ ಸಂಗ್ರಹವೆಂದು ತಿಳಿದು ತಪ್ಪುಗಳನ್ನು ಸಾರತೊಡಗಿತು. 2024ರಲ್ಲಿ ಬಂದ ಪೈಥಾನ್ 3.13ನೆಯ ಆವೃತ್ತಿಯು ಇಂಥಲ್ಲಿ ‘ಕಡತದ ಹೆಸರನ್ನು ಬದಲಿಸಿ ನೋಡಿರಿ’ ಎಂದು ಸೂಚಿಸುವುದು. ಮೆಚ್ಚತಕ್ಕ ಸುಧಾರಣೆಯೇ. ಆದರೆ ಆ ಸೂಚನೆ ಇಂಗ್ಲಿಷಿನಲ್ಲಿ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಆಡುವ ಬಾಲಿಕೆಗೆ ಅದು ಮೂರನೆಯ ಭಾಷೆ. ನಾವು ಅಮರಕೋಶವನ್ನು ಕಂಠಪಾಠ ಮಾಡಿದಾಗ ಅರ್ಥವು ಎಷ್ಟೋ ವರ್ಷಗಳ ಮೇಲೆ ಬಂದಿತು; ಅಂದು ಬೆತ್ತವಿತ್ತು, ಕುಳಿತೆವು. ಇಂದಿನ ಮಗುವು ಎದ್ದುಹೋಗುವುದು, ಮರಳಿ ಬಾರದು.

ಸಂಗ್ರಹಕಾರರು ಹೊಸ ಬಣ್ಣಗಳನ್ನೂ ಆಕಾರಗಳನ್ನೂ ಸೇರಿಸುವುದಕ್ಕಿಂತ ಮೊದಲು, ಚಿತ್ರವು ತಾನಾಗಿ ಮಾಯವಾಗದಂತೆ ಮಾಡಿದರೆ ಹೆಚ್ಚು ಉಪಕಾರವೆಂದು ನಮ್ಮ ಅಭಿಪ್ರಾಯ. ಉಳಿದುದರಲ್ಲಿ ಸ್ವಲ್ಪವನ್ನು ಉಪಾಧ್ಯಾಯರೂ ಪಾಲಕರೂ ಇಲ್ಲಿಯೇ ಮಾಡಿಕೊಳ್ಳಬಹುದು. 2008ರಲ್ಲಿ ಹೊರಬಂದ ಪೈಥಾನ್ 3ರಿಂದೀಚೆಗೆ ಕನ್ನಡ ಅಕ್ಷರಗಳಲ್ಲಿಯೂ ಆಜ್ಞೆಗಳಿಗೆ ಹೆಸರಿಡಲು ಸಾಧ್ಯವಾಗಿದೆ. ಆಮೆಯ ಇಂಗ್ಲಿಷ್ ಆಜ್ಞೆಗಳಿಗೆ ‘ಮುಂದೆ’, ‘ಬಲಕ್ಕೆ’, ‘ಎಡಕ್ಕೆ’, ‘ನಿಲ್ಲು’ ಎಂಬ ಹೆಸರುಗಳನ್ನು ಕೊಡುವ ಸಣ್ಣ ಕಡತಕ್ಕೆ ನಾಲ್ಕೈದು ಸಾಲು ಸಾಕು. ಮುಂದೆ ಇಂಗ್ಲಿಷ್ ಕಲಿಯಲೇಬೇಕಲ್ಲವೇ ಎಂದು ಕೆಲವರು ಕೇಳುವರು. ಕಲಿಯಲಿ, ನಕ್ಷತ್ರವು ಮೂಡಿದ ಮೇಲೆ ಕಲಿಯಲಿ. ಆ ಕಡತಕ್ಕೆ ‘ಟರ್ಟಲ್’ ಎಂದು ಮಾತ್ರ ಹೆಸರಿಡಬೇಡಿರಿ, ‘ಆಮೆ’ ಎಂದರಾಯಿತು.